ಐನೂರ ನಾಲ್ಕು ಪದಗಳ ಆಚೆಗೆ

ಪರ್ಷಿಯನ್ ಮಾತಾಡುವವರು ಇಂಗ್ಲಿಷಿನ ಪ್ರೌಢ ಪದಸಂಪತ್ತನ್ನು ಗಳಿಸಿಕೊಳ್ಳುವ ಬಗೆಯಲ್ಲಿ ಕಲಿಕೆಯ ಬಗ್ಗೆ, ಮಾತೃಭಾಷೆಯ ಬಗ್ಗೆ ನಾವು ಗಮನಿಸಬೇಕಾದ್ದು ಬಹಳಷ್ಟಿದೆ.

ಟೆಹರಾನ್ ವಿಶ್ವವಿದ್ಯಾಲಯದ ಹೆಬ್ಬಾಗಿಲಿನ ಮುಂದೆ ಹಾದುಹೋಗುವ ಎಂಗೆಲಾಬ್ ರಸ್ತೆ ಇರಾನಿನ ದೊಡ್ಡ ಪುಸ್ತಕಪೇಟೆ. ಸಾಲುಸಾಲು ಅಂಗಡಿಗಳಲ್ಲಿ ಕಾವ್ಯ, ಇತಿಹಾಸ, ತತ್ವಶಾಸ್ತ್ರದ ಜೊತೆಗೆ ಪರೀಕ್ಷೆಯ ಗೈಡುಗಳೂ ಇಂಗ್ಲಿಷ್ ಕಲಿಕೆಯ ಪುಸ್ತಕಗಳೂ ಪೇರಿಸಿಟ್ಟಿರುತ್ತವೆ. ಅವುಗಳಲ್ಲಿ ಒಂದನ್ನು ಕೇಳಲು ಪೂರ್ತಿ ಹೆಸರು ಹೇಳಬೇಕಿಲ್ಲ, ಸಂಖ್ಯೆ ಸಾಕು: 'ಪಾನ್ಸದೊ ಚಹಾರ್', ಅಂದರೆ 504. ಅಮೆರಿಕದ ಬ್ಯಾರನ್ಸ್ ಪ್ರಕಾಶನಕ್ಕಾಗಿ ಮರ್ರೇ ಬ್ರಾಂಬರ್ಗ್ ಮತ್ತು ಇಬ್ಬರು ಸಹಲೇಖಕರು ಬರೆದ ಈ ಪುಸ್ತಕದಲ್ಲಿ 42 ಪಾಠಗಳಿವೆ, ಪಾಠಕ್ಕೆ 12 ಪದಗಳು. ಅಮೆರಿಕದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪುಸ್ತಕ ಇರಾನಿನಲ್ಲಿ ಇಂಗ್ಲಿಷ್ ಕಲಿಯುವವರ ಕೈಪಿಡಿಯಾಗಿ ನೆಲೆಯೂರಿತು. ಪರ್ಷಿಯನ್ ಅರ್ಥ ಸೇರಿಸಿದ ಆವೃತ್ತಿಗಳು, ಧ್ವನಿಮುದ್ರಿಕೆಗಳು, ಮೊಬೈಲ್ ಆ್ಯಪ್‌ಗಳು ಅದರ ಸುತ್ತ ಹುಟ್ಟಿಕೊಂಡವು.

ಆ ಪುಸ್ತಕ ಮುಗಿಸಿದವರ ಸಂಖ್ಯೆ ದೊಡ್ಡದು. ಮುಗಿಸಿದ ಮೇಲೂ ಇಂಗ್ಲಿಷಿನಲ್ಲಿ ಒಂದು ಪುಟ ಸರಾಗವಾಗಿ ಬರೆಯಲಾಗದೆ ಕಷ್ಟಪಡುವವರೂ ಕಡಿಮೆಯಿಲ್ಲ. ಬುದ್ಧಿಗೋ ಶ್ರಮಕ್ಕೋ ಅಲ್ಲಿ ಕೊರತೆಯಿಲ್ಲ. ಪದ ಕಲಿಯುವುದೆಂದರೆ ಏನೆಂಬ ತಿಳಿವಳಿಕೆಯಲ್ಲೇ ಕೊರತೆಯಿದೆ.

ಮೊದಲ ಪಾಠದಲ್ಲೇ ತೊಡಕು

ಮೊದಲ ಪಾಠವನ್ನೇ ತೆರೆದು ನೋಡೋಣ. ಮೊದಲ ಪದ 'ಅಬ್ಯಾಂಡನ್'. ಅದಕ್ಕೆ ಪರ್ಷಿಯನ್ ಅರ್ಥವಾಗಿ ಸಾಮಾನ್ಯವಾಗಿ ಕೊಡುವುದು 'ತರ್ಕ್ ಕರ್ದನ್'. ಆದರೆ ಪರ್ಷಿಯನ್ನಿನಲ್ಲಿ ಈ ಕ್ರಿಯಾಪದದ ವ್ಯಾಪ್ತಿ ದೊಡ್ಡದು. ಊರು ಬಿಡುವುದು, ಓದು ಬಿಡುವುದು, ಸಿಗರೇಟಿನ ಚಟ ಬಿಡುವುದು, ಹಡಗನ್ನು ತೊರೆದು ಹೋಗುವುದು ಎಲ್ಲಕ್ಕೂ ಅದೇ. ಇಂಗ್ಲಿಷಿನ ಪದಕ್ಕೆ ಅಷ್ಟು ಹರಹಿಲ್ಲ. ಕೈಬಿಟ್ಟು ಹೋದವರು, ಮರಳಿ ನೋಡದವರು ಎಂಬ ಭಾರ ಅದರಲ್ಲಿದೆ. ಅರ್ಥವನ್ನಷ್ಟೇ ಉರು ಹೊಡೆದ ಹುಡುಗ 'ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟೆ' ಎನ್ನಲು ಹೊರಟು, ಮನೆಯನ್ನು ಶಾಶ್ವತವಾಗಿ ತೊರೆದೆ ಎಂದು ಹೇಳಿಬಿಡುತ್ತಾನೆ.

ಅದೇ ಪಾಠದಲ್ಲಿ 'ಓತ್' ಇದೆ, ಪ್ರಮಾಣ ಎಂಬ ಅರ್ಥದ್ದು. ಪರ್ಷಿಯನ್ನಿನಲ್ಲಿ ಅದಕ್ಕೆ 'ಸೊಗಂದ್'. ಪರ್ಷಿಯನ್ನರು ಪ್ರಮಾಣ ಮಾಡುವುದಿಲ್ಲ, ಪ್ರಮಾಣ ತಿನ್ನುತ್ತಾರೆ: 'ಸೊಗಂದ್ ಖೊರ್ದನ್'. ಇಂಗ್ಲಿಷಿನವರು ಅದನ್ನು 'ತೆಗೆದುಕೊಳ್ಳುತ್ತಾರೆ'. ನಾಮಪದ ಕಲಿತು ಅದರ ಜೊತೆಗಾರ ಕ್ರಿಯಾಪದವನ್ನು ಕಲಿಯದಿದ್ದರೆ ಆ ನಾಮಪದ ವಾಕ್ಯದೊಳಗೆ ಬರುವುದೇ ಇಲ್ಲ.

ಈ ತೊಡಕಿನ ಬೇರು ಪರ್ಷಿಯನ್ನಿನ ಜಾಯಮಾನದಲ್ಲೇ ಇದೆ. ನಿತ್ಯ ಬಳಕೆಯಲ್ಲಿರುವ ಸರಳ ಕ್ರಿಯಾಪದಗಳು ಆ ಭಾಷೆಯಲ್ಲಿ ಕೆಲವೇ ನೂರು. ಉಳಿದ ಕೆಲಸವನ್ನೆಲ್ಲ ನಾಮಪದಕ್ಕೆ ಮಾಡು, ಆಗು, ಹೊಡೆ, ತಿನ್ನು, ಎಳೆ ಎಂಬಂಥ ಪುಟ್ಟ ಕ್ರಿಯಾಪದ ಸೇರಿಸಿ ನಿಭಾಯಿಸುತ್ತಾರೆ. ಮಾತನ್ನು ಹೊಡೆದರೆ ಮಾತಾಡಿದಂತೆ, ನೆಲವನ್ನು ತಿಂದರೆ ಬಿದ್ದಂತೆ, ಚಳಿಯನ್ನು ತಿಂದರೆ ನೆಗಡಿಯಾದಂತೆ, ಸೋಲನ್ನು ತಿಂದರೆ ಸೋತಂತೆ, ಸಿಗರೇಟನ್ನು ಎಳೆದರೆ ಸೇದಿದಂತೆ. ಏಟು ತಿನ್ನುವ, ಲಂಚ ತಿನ್ನುವ, ಫೋನ್ ಮಾಡುವ ಕನ್ನಡಿಗರಿಗೆ ಇದು ವಿಚಿತ್ರವೆನಿಸದು. ಆದರೆ ಪ್ರೌಢ ಇಂಗ್ಲಿಷ್ ಇಡೀ ಕ್ರಿಯೆಯನ್ನು, ಅದರ ಬಗೆಯನ್ನು, ಧಾಟಿಯನ್ನು ಒಂದೇ ಕ್ರಿಯಾಪದದಲ್ಲಿ ಹಿಡಿದಿಡುತ್ತದೆ. ಪರ್ಷಿಯನ್ ಮನಸ್ಸು ಅಲ್ಲಿ ನಾಮಪದಕ್ಕಾಗಿ ತಡಕಾಡುತ್ತದೆ. ಹೀಗಾಗಿ ಮುಂದುವರಿದ ಕಲಿಕೆಯಲ್ಲಿ ಅವರು ಹೆಚ್ಚು ಬೆವರು ಸುರಿಸಬೇಕಾದದ್ದು ಕ್ರಿಯಾಪದಗಳ ಮೇಲೆ.

ಪರಿಚಿತ ಮುಖದ ಅಪರಿಚಿತರು

ಇನ್ನೊಂದು ಕಡೆಯಿಂದಲೂ ಮೋಸ ಹೋಗುವ ಅಪಾಯವಿದೆ. 19ನೇ ಶತಮಾನದಿಂದ 20ನೇ ಶತಮಾನದ ನಡುವಿನವರೆಗೆ ಇರಾನಿನ ವಿದ್ಯಾವಂತರಿಗೆ ಯುರೋಪೆಂದರೆ ಮೊದಲು ಫ್ರೆಂಚ್. ಆ ಕಾಲದಲ್ಲಿ ನೂರಾರು ಫ್ರೆಂಚ್ ಪದಗಳು ಪರ್ಷಿಯನ್ನಿಗೆ ಬಂದವು. ಇವತ್ತಿಗೂ ಟೆಹರಾನಿನಲ್ಲಿ ಧನ್ಯವಾದಕ್ಕೆ 'ಮೆರ್ಸಿ', ಲಿಫ್ಟಿಗೆ 'ಆಸಾನ್ಸೋರ್', ಟೈಗೆ 'ಕ್ರಾವಾತ್'. ವಿಶ್ವವಿದ್ಯಾಲಯ ಸೇರಲು ಬರೆಯುವ, ಲಕ್ಷಾಂತರ ಮನೆಗಳ ನಿದ್ದೆಗೆಡಿಸುವ ಪ್ರವೇಶ ಪರೀಕ್ಷೆಯ ಹೆಸರೂ 'ಕೊನ್ಕೂರ್', ಫ್ರೆಂಚಿನಿಂದಲೇ ಬಂದದ್ದು.

ಇಂಗ್ಲಿಷ್ ಕೂಡ ಫ್ರೆಂಚಿನಿಂದ ಧಾರಾಳವಾಗಿ ಪಡೆದುಕೊಂಡ ಭಾಷೆ. ಹಾಗಾಗಿ ಎಷ್ಟೋ ಇಂಗ್ಲಿಷ್ ಪದಗಳು ಇರಾನಿಗಳಿಗೆ ಮೊದಲ ನೋಟಕ್ಕೇ ಪರಿಚಿತ. ಆದರೆ ಅರ್ಥ ಎರಡು ದಾರಿ ಹಿಡಿದಿದೆ. ಪರ್ಷಿಯನ್ನಿನಲ್ಲಿ 'ಲಿಸಾನ್ಸ್' ಅಂದರೆ ಪದವಿ. ಅದರಿಂದಾಗಿ ಭೌತಶಾಸ್ತ್ರದಲ್ಲಿ ತನಗೆ ಲೈಸೆನ್ಸ್ ಇದೆ ಎಂದು ಅರ್ಜಿಯಲ್ಲಿ ಬರೆಯುವವರಿದ್ದಾರೆ. 'ದಿಪ್ಲೋಮ್' ಅಂದರೆ ಪ್ರೌಢಶಿಕ್ಷಣ ಮುಗಿಸಿದ ಪ್ರಮಾಣಪತ್ರ. 'ಮಾಷೀನ್' ಅಂದರೆ ಕಾರು. 'ರೆಜೀಮ್' ಅಂದರೆ ಸರ್ಕಾರದ ವ್ಯವಸ್ಥೆಯೂ ಹೌದು, ತೂಕ ಇಳಿಸಲು ಮಾಡುವ ಪಥ್ಯವೂ ಹೌದು. ತರಗತಿಯಲ್ಲಿ ವಿದ್ಯಾರ್ಥಿ ವಿಷಯ ಮಂಡಿಸಿದರೆ ಅದು 'ಕೊನ್ಫೆರಾನ್ಸ್' ಕೊಟ್ಟಂತೆ. ಗೊತ್ತಿಲ್ಲದ ಪದವಾದರೆ ಕಲಿಯುವವರು ನಿಘಂಟು ತೆರೆಯುತ್ತಾರೆ. ಗೊತ್ತಿದೆ ಅನ್ನಿಸಿದ ಪದಕ್ಕೆ ತೆರೆಯುವುದಿಲ್ಲ. ತಪ್ಪು ಬೇರೂರುವುದು ಅಲ್ಲಿ.

ಲಿಪಿಯದೂ ಒಂದು ಪಾತ್ರವಿದೆ. ಅರಬ್ಬಿ ಮೂಲದ ಲಿಪಿಯಲ್ಲಿ ಪರ್ಷಿಯನ್ ಬರೆಯುವಾಗ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ವ್ಯಂಜನಗಳನ್ನು ನೋಡಿ, ಸಂದರ್ಭದ ಮೇಲೆ ಓದುಗರೇ ಸ್ವರ ತುಂಬಿಕೊಳ್ಳುತ್ತಾರೆ. ಹೀಗೆ ಓದಿ ಬೆಳೆದ ಕಣ್ಣು ಇಂಗ್ಲಿಷಿಗೆ ಬಂದಾಗ 'ಅಡ್ಯಾಪ್ಟ್', 'ಅಡಾಪ್ಟ್' ಎಂಬಂಥ ಒಂದೇ ಸ್ವರದ ವ್ಯತ್ಯಾಸವಿರುವ ಜೋಡಿಗಳಲ್ಲಿ ಸುಲಭವಾಗಿ ಎಡವುತ್ತದೆ. ಮೇಲಿನ ಹಂತಕ್ಕೆ ಹೋದಂತೆ ಇಂಥ ಜೋಡಿಗಳು ಹೆಚ್ಚುತ್ತವೆ. ಆದ್ದರಿಂದ ಕಣ್ಣಿನಿಂದ ಓದಿದ್ದು ಸಾಲದು; ಬಾಯಿಬಿಟ್ಟು ಓದಬೇಕು, ಕೈಯಲ್ಲಿ ಬರೆಯಬೇಕು.

ಮನೆಯಲ್ಲೇ ಇರುವ ಬಂಡವಾಳ

ಇಷ್ಟು ತೊಡಕುಗಳ ನಡುವೆ ಪರ್ಷಿಯನ್ನರ ಕೈಯಲ್ಲಿ ಒಂದು ದೊಡ್ಡ ಬಂಡವಾಳವಿದೆ. ಪಠ್ಯಪುಸ್ತಕಗಳು ಅದನ್ನು ಬಳಸಿಕೊಳ್ಳುವುದು ತೀರಾ ಕಡಿಮೆ.

ಇಂಗ್ಲಿಷಿನ ಪದಕೋಶಕ್ಕೆ ಪದರಗಳಿವೆ. ಕೆಳಗೆ ಹಳೆಯ ಜರ್ಮಾನಿಕ್ ಪದಗಳು, ಅವುಗಳ ಮೇಲೆ ಫ್ರೆಂಚ್, ಲ್ಯಾಟಿನ್. 'ಆಸ್ಕ್' ಅಡುಗೆಮನೆಯದು, 'ಇನ್‌ಕ್ವೈರ್' ಕಚೇರಿಯದು. ಪರ್ಷಿಯನ್ನಿನಲ್ಲೂ ಹೀಗೆಯೇ: 'ಪೊರ್ಸೀದನ್' ಅಚ್ಚ ಪರ್ಷಿಯನ್, ಅರಬ್ಬಿಯಿಂದ ಬಂದ 'ಸೊಆಲ್ ಕರ್ದನ್' ನಿತ್ಯದ್ದು, 'ಎಸ್ತೆಫ್ಸಾರ್' ಕಡತದ ಭಾಷೆ. ಏಳನೇ ಶತಮಾನದ ನಂತರ ಅರಬ್ಬಿ ಆ ನಾಡಿನ ಧರ್ಮ, ಶಾಸ್ತ್ರ, ಆಡಳಿತಗಳ ಭಾಷೆಯಾಗಿ ಬಂದು ಪರ್ಷಿಯನ್ನಿನ ಮೇಲೆ ಹೊಸ ಪದರ ಕಟ್ಟಿತು. ಯಾವ ಪದ ಎಲ್ಲಿ ಒಪ್ಪುತ್ತದೆ ಎಂಬ ಸೂಕ್ಷ್ಮ ಪರ್ಷಿಯನ್ ಮಕ್ಕಳಿಗೆ ಹಾಲಿನ ಜೊತೆಗೇ ಬಂದಿರುತ್ತದೆ. ಬರಹದ ಭಾಷೆಗೂ ಆಡುಮಾತಿಗೂ ಇರುವ ಅಂತರವೂ ಅವರಿಗೆ ಹೊಸದಲ್ಲ. ಪುಸ್ತಕದಲ್ಲಿ 'ನಾನ್' ಎಂದಿರುವ ರೊಟ್ಟಿ ಟೆಹರಾನಿನ ಬಾಯಲ್ಲಿ 'ನೂನ್' ಆಗುತ್ತದೆ. ಹೊಸ ಇಂಗ್ಲಿಷ್ ಪದ ಎದುರಾದಾಗ ಅದರ ಅರ್ಥವೇನು ಎಂಬುದರ ಜೊತೆಗೆ ಇದು ಯಾವ ಪದರದ್ದು, ಮಾತಿನದೋ ಬರಹದ್ದೋ ಎಂದು ಕೇಳಿಕೊಂಡರೆ ಅರ್ಧ ದಾರಿ ಸವೆದಂತೆ.

ಈ ಬಂಡವಾಳದ ಇನ್ನೊಂದು ಪಾಲು ಧಾತುಗಳ ಪರಿಚಯ. ಅರಬ್ಬಿ ಪದಗಳು ಮೂರು ವ್ಯಂಜನಗಳ ಬೇರಿನಿಂದ ಕವಲೊಡೆಯುತ್ತವೆ. 'ಎಲ್ಮ್' ಜ್ಞಾನ, 'ಆಲೆಮ್' ಜ್ಞಾನಿ, 'ಮಾಲೂಮ್' ತಿಳಿದದ್ದು, 'ಮೊಅಲ್ಲೆಮ್' ಕಲಿಸುವವರು, 'ತಾಲೀಮ್' ಕಲಿಸುವಿಕೆ. ಕೊನೆಯದು ನಮ್ಮ ಗರಡಿಮನೆಗಳ ತಾಲೀಮಾಗಿ ಕನ್ನಡಕ್ಕೂ ಬಂದಿದೆ. ಹೀಗೆ ಪದಗಳನ್ನು ಕುಟುಂಬವಾಗಿ ನೋಡಿ ರೂಢಿಯಿದ್ದವರಿಗೆ ಇಂಗ್ಲಿಷಿನ ಲ್ಯಾಟಿನ್ ಧಾತುಗಳು ಕಷ್ಟವಾಗಬೇಕಿಲ್ಲ. ನೋಡು ಎಂಬ ಅರ್ಥದ 'ಸ್ಪೆಕ್ಟ್' ಒಂದನ್ನು ಹಿಡಿದರೆ ಇನ್‌ಸ್ಪೆಕ್ಟ್, ಪ್ರಾಸ್ಪೆಕ್ಟ್, ರೆಟ್ರಾಸ್ಪೆಕ್ಟ್, ಸ್ಪೆಕ್ಟೇಟರ್ ಒಟ್ಟಿಗೆ ಬರುತ್ತವೆ. ಒಂದೊಂದು ಚೀಟಿಯಲ್ಲಿ ಒಂದೊಂದು ಪದ ಕಲಿಯುವವರಿಗೆ ಇವು ನಾಲ್ಕು ಪ್ರತ್ಯೇಕ ಹೊರೆ.

ಪದಗಳ ಬಗ್ಗೆ ಇರಾನಿಗಳಿಗೆ ಇರುವ ಎಚ್ಚರವೂ ದೊಡ್ಡದು. 1935ರಲ್ಲಿ ಅಲ್ಲಿ ಭಾಷಾ ಅಕಾಡೆಮಿ 'ಫರ್ಹಂಗೆಸ್ತಾನ್' ಸ್ಥಾಪನೆಯಾಯಿತು. ನಗರಸಭೆಗೆ 'ಶಹರ್‌ದಾರಿ'ಯಂಥ ಪದಗಳು ಆ ಕಾಲದ ಪ್ರಯತ್ನದಿಂದಲೇ ಬಳಕೆಗೆ ಬಂದವು. ಈಗಿನ ಅಕಾಡೆಮಿ ಎಸ್ಎಂಎಸ್‌ಗೆ ಕೊಟ್ಟ 'ಪಯಾಮಕ್' ಜನರ ಬಾಯಲ್ಲಿ ನಿಂತಿದೆ. ಟೆಹರಾನಿನ ಯಹೂದಿ ಕುಟುಂಬದಲ್ಲಿ ಹುಟ್ಟಿದ ಸುಲೈಮಾನ್ ಹಯೀಮ್ 20ನೇ ಶತಮಾನದ ಮೊದಲರ್ಧದಲ್ಲಿ ಕಟ್ಟಿದ ಇಂಗ್ಲಿಷ್–ಪರ್ಷಿಯನ್ ನಿಘಂಟುಗಳು ತಲೆಮಾರುಗಳ ಕೈಗೆ ಆಸರೆಯಾದವು. ಇನ್ನೂ ಹಿಂದೆ, 1815ರಲ್ಲಿ, ರಾಜಕುಮಾರ ಅಬ್ಬಾಸ್ ಮಿರ್ಜಾ ಇಂಗ್ಲೆಂಡಿಗೆ ಓದಲು ಕಳಿಸಿದ ಯುವಕರಲ್ಲಿ ಮಿರ್ಜಾ ಸಾಲೆಹ್ ಶಿರಾಜಿ ಒಬ್ಬರು. ಇಂಗ್ಲಿಷ್ ಕಲಿತು ಮರಳಿದ ಅವರು 1837ರಲ್ಲಿ ಟೆಹರಾನಿನಲ್ಲಿ ಇರಾನಿನ ಮೊದಲ ಪತ್ರಿಕೆಯನ್ನು ಹೊರತಂದರು. ಕಲಿತ ಪರಭಾಷೆ ಕೊನೆಗೆ ಸ್ವಂತ ಭಾಷೆಯ ಕೈ ಬಲಪಡಿಸಿತು.

ಪೆಟ್ಟಿಗೆಯ ಗುಣ, ಪೆಟ್ಟಿಗೆಯ ಮಿತಿ

ಇರಾನಿನ ಕೊನ್ಕೂರ್ ಅಭ್ಯರ್ಥಿಗಳಿಗೆ 'ಲೈಟ್ನರ್ ಪೆಟ್ಟಿಗೆ' ಗೊತ್ತಿರುತ್ತದೆ. ಜರ್ಮನ್ ಲೇಖಕ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಈ ವಿಧಾನ ಸರಳ. ಪೆಟ್ಟಿಗೆಯಲ್ಲಿ ಐದು ಖಾನೆ. ಚೀಟಿಯ ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥ. ನೆನಪಾದರೆ ಚೀಟಿ ಮುಂದಿನ ಖಾನೆಗೆ, ಮರೆತರೆ ಮತ್ತೆ ಮೊದಲನೆಯದಕ್ಕೆ. ಮುಂದಿನ ಖಾನೆಗಳನ್ನು ದಿನ ಬಿಟ್ಟು, ವಾರ ಬಿಟ್ಟು ತೆಗೆದು ನೋಡಬೇಕು. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸಿಕೊಂಡರೆ ನೆನಪು ಗಟ್ಟಿಯಾಗುತ್ತದೆ ಎಂಬುದು ಇದರ ತಿರುಳು. ಮರೆವು ಮೊದಲ ದಿನಗಳಲ್ಲೇ ಹೆಚ್ಚೆಂಬುದನ್ನು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಪ್ರಯೋಗದಿಂದ ತೋರಿಸಿದ್ದರು.

ವಿಧಾನ ಒಳ್ಳೆಯದು. ಚೀಟಿಯ ಮೇಲೆ ಬರೆಯುವುದು ಬದಲಾಗಬೇಕು. 'ಓತ್' ಎಂದಷ್ಟೇ ಬರೆಯುವ ಬದಲು ಅದರ ಜೊತೆಗೆ ಬರುವ ಕ್ರಿಯಾಪದ ಸಮೇತ ಒಂದು ವಾಕ್ಯ ಬರೆಯಬೇಕು, ಆ ಪದದ ಜಾಗ ಖಾಲಿ ಬಿಟ್ಟು. ಹಿಂದಿನ ಬದಿಗೆ ಪರ್ಷಿಯನ್ ಸಮಾನಪದದ ಜೊತೆ ಆ ಪರ್ಷಿಯನ್ ಪದ ಒಪ್ಪದ ಒಂದು ಸಂದರ್ಭವನ್ನೂ ಬರೆದಿಟ್ಟರೆ 'ಅಬ್ಯಾಂಡನ್' ತೊಂದರೆ ಹುಟ್ಟುವುದೇ ಇಲ್ಲ.

ಯಾವ ಪದ ಕಲಿಯಬೇಕೆಂಬುದಕ್ಕೂ ಸಂಶೋಧನೆ ದಾರಿ ತೋರಿಸಿದೆ. ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 570 ಪದಕುಟುಂಬಗಳಿವೆ. ವಿಶ್ವವಿದ್ಯಾಲಯ ಮಟ್ಟದ ಬರಹಗಳ ಸುಮಾರು ಹತ್ತನೇ ಒಂದು ಭಾಗ ಇವುಗಳಿಂದಲೇ ತುಂಬಿರುತ್ತದೆ. ನಿಘಂಟಿನ ನೆರವಿಲ್ಲದೆ ಪುಸ್ತಕ, ಪತ್ರಿಕೆ ಓದಲು ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು ಬೇಕೆಂದು ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದರು. ಅಷ್ಟನ್ನು ಯಾವ ಪೆಟ್ಟಿಗೆಯೂ ತುಂಬಿಕೊಡಲಾರದು. ಓದು ಮಾತ್ರ ತುಂಬಬಲ್ಲದು.

ಮುಚ್ಚಿದ ಬಾಗಿಲುಗಳ ನಡುವೆ

ಪರ್ಷಿಯನ್ನರ ಇಂಗ್ಲಿಷ್ ಕಲಿಕೆಯನ್ನು ಅವರ ಪರಿಸ್ಥಿತಿಯಿಂದ ಬೇರ್ಪಡಿಸಿ ನೋಡಲಾಗದು. 1979ರ ಕ್ರಾಂತಿಯ ನಂತರ ಇರಾನ್–ಅಮೆರಿಕ ಸೊಸೈಟಿಯ ತರಗತಿಗಳು ನಿಂತು ಆ ಜಾಗದಲ್ಲಿ ಇರಾನ್ ಭಾಷಾ ಸಂಸ್ಥೆ ಬೆಳೆಯಿತು. 2018ರ ಜನವರಿಯಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಬೋಧನೆಯನ್ನು ಸರ್ಕಾರ ನಿಷೇಧಿಸಿತು. ಅಂತರರಾಷ್ಟ್ರೀಯ ಆರ್ಥಿಕ ನಿರ್ಬಂಧಗಳಿಂದಾಗಿ ಅಲ್ಲಿನ ಬ್ಯಾಂಕ್ ಕಾರ್ಡುಗಳು ಹೊರದೇಶಗಳಲ್ಲಿ ಬಹುತೇಕ ನಡೆಯುವುದಿಲ್ಲ. ವಿದೇಶಿ ಪರೀಕ್ಷೆಯ ಶುಲ್ಕ ಕಟ್ಟಲು ಮಧ್ಯವರ್ತಿಗಳನ್ನು ಹುಡುಕಬೇಕು. ಆದರೂ ಸಂಜೆಯ ಖಾಸಗಿ ತರಗತಿಗಳು ತುಂಬಿರುತ್ತವೆ.

ಅದೇ ಭಾಷೆಯನ್ನು ದರಿ ಎಂದು ಕರೆಯುವ ಅಫ್ಘಾನಿಸ್ತಾನದಲ್ಲಿ ಸ್ಥಿತಿ ಇನ್ನೂ ಕಠಿಣ. 2021ರಿಂದ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯಿಲ್ಲ, 2022ರ ಡಿಸೆಂಬರಿನಿಂದ ವಿಶ್ವವಿದ್ಯಾಲಯವೂ ಇಲ್ಲ. ಮೊಬೈಲಿನಲ್ಲಿ ಇಂಗ್ಲಿಷ್ ಕಲಿಯುವ ಅಲ್ಲಿನ ಹುಡುಗಿಯರಿಗೆ ಒಂದೊಂದು ಹೊಸ ಪದವೂ ಹೊರಜಗತ್ತಿನ ಜೊತೆಗಿನ ನಂಟು. ಅಂಥವರ ಕೈಗೆ ಒಳ್ಳೆಯ ಪಾಠ ಸಿಗಬೇಕು. ಅರ್ಥದ ಪಟ್ಟಿ ಕೊಟ್ಟು ಅವರ ಸಮಯ ಹಾಳುಮಾಡುವುದು ಅನ್ಯಾಯ.

ಇದು ನಮಗೆ ದೂರದ ಕಥೆಯಲ್ಲ. 2000ದ ನಂತರದ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಇರಾನಿನಿಂದ ಹಲವಾರು ವಿದ್ಯಾರ್ಥಿಗಳು ಬಂದರು. ಭಾಷಾಶಾಸ್ತ್ರದಲ್ಲಿ, ಇಂಗ್ಲಿಷ್ ಬೋಧನೆಯಲ್ಲಿ ಸಂಶೋಧನೆ ಮಾಡಿದವರೂ ಅವರಲ್ಲಿದ್ದರು. ಬಹಮನಿ, ಆದಿಲಶಾಹಿ ಆಳ್ವಿಕೆಯ ಕಾಲದಿಂದ ಕನ್ನಡದಲ್ಲಿ ನೆಲೆಸಿರುವ ಜಮೀನು, ದರಖಾಸ್ತು, ಕಾರ್ಖಾನೆ ಅವರ ಕಿವಿಗೆ ಬಿದ್ದಾಗ ಅನುವಾದ ಬೇಕಾಗುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿಗೆ ಹೊರಳುವ ನಮ್ಮ ಮಕ್ಕಳ ಪಾಡೂ ಬೇರೆಯಲ್ಲ. ನೀರು–ಜಲ, ಕೇಳು–ವಿಚಾರಿಸು ಎಂಬ ಪದರಗಳ ಅರಿವು ಅವರಿಗೂ ಇದೆ. ಶಿಕ್ಷಕರಲ್ಲಿ, ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ: ದಿನಕ್ಕೆ ಇಪ್ಪತ್ತು ಪದ ಬಾಯಿಪಾಠ ಮಾಡಿಸುವುದನ್ನು ನಿಲ್ಲಿಸಿ. ಮೂರು ಪದ ಕೊಡಿ, ಮೂರನ್ನೂ ವಾಕ್ಯದಲ್ಲಿ ಕೊಡಿ, ಕನ್ನಡದಲ್ಲಿ ಅದನ್ನು ಹೇಗೆ ಹೇಳುತ್ತೇವೆಂದು ಮಗುವಿನ ಬಾಯಿಂದಲೇ ಹೇಳಿಸಿ, ಎಲ್ಲಿ ಎರಡೂ ಬೇರೆಯಾಗುತ್ತವೆಂದು ಜೊತೆಗೆ ಕೂತು ನೋಡಿ. ತನ್ನ ಭಾಷೆಯನ್ನು ಚೆನ್ನಾಗಿ ಬಲ್ಲ ಮಗು ಇನ್ನೊಂದು ಭಾಷೆಯನ್ನು ಚೆನ್ನಾಗಿಯೇ ಕಲಿಯುತ್ತದೆ.