ಪಾಳು ಕಾರ್ಖಾನೆಗಳ ಛಾಯಾಚಿತ್ರ

ಹಂಪೆಯ ಅವಶೇಷಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದ ಮೊದಲಿಗರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ಒಬ್ಬನು. 1856ರಲ್ಲಿ ಆತನು ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಅಲ್ಲಿನ ಗುಡಿ, ಗೋಪುರ, ಮಂಟಪಗಳ ಚಿತ್ರಗಳನ್ನು ತೆಗೆದನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರವೂ ಅವುಗಳಲ್ಲಿದೆ. ಇಂದು ನಾವು ಕಾಣುವ ರಥದ ನೆತ್ತಿ ಬೋಳಾಗಿದೆ. ಗ್ರೀನ್‌ಲಾನ ಚಿತ್ರದಲ್ಲಾದರೋ ಅದರ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಒಂದೂಕಾಲು ಶತಮಾನದ ಬಳಿಕ, 1983ರಲ್ಲಿ, ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಅದೇ ತಾಣಗಳಲ್ಲಿ ನಿಂತು ಮತ್ತೆ ಚಿತ್ರಗಳನ್ನು ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿರಿಸಿ ನೋಡಿದರೆ ಉಳಿದುದೇನು, ಅಳಿದುದೇನು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಪಾಳು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಇಂತಹ ಕಲ್ಲಿನ ಕಟ್ಟಡಗಳು, ಕೋಟೆ ಕೊತ್ತಲಗಳು. ಆದರೆ ಇಪ್ಪತ್ತನೆಯ ಶತಮಾನವೂ ತನ್ನದೇ ಆದ ಪಾಳುಗಳನ್ನು ಬಿಟ್ಟುಹೋಗಿದೆ. ಅವು ಅರಸರು ಕಟ್ಟಿಸಿದ ದೇಗುಲಗಳಲ್ಲ. ಸಾವಿರಾರು ಮಂದಿ ಪಾಳಿಯ ಮೇಲೆ ದುಡಿದ ಕಾರ್ಖಾನೆಗಳು ಮತ್ತು ಗಣಿಗಳು. ಅವುಗಳ ಗೋಡೆಯ ಮೇಲೆ ಶಾಸನಗಳಿಲ್ಲ. ಪುರಾತತ್ತ್ವ ಇಲಾಖೆಯ ಫಲಕಗಳೂ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಕಬ್ಬಿಣಕ್ಕೆ ಬೆಲೆಯಿರುವುದರಿಂದ ಅವು ದೇಗುಲಗಳಿಗಿಂತ ಬೇಗ ಕಣ್ಮರೆಯಾಗುತ್ತವೆ.

ಇಂತಹ ತಾಣವೊಂದು ಬೆಂಗಳೂರಿನಲ್ಲಿಯೇ ಇದೆ. ದಂಡುಪ್ರದೇಶದಿಂದ ಪೂರ್ವಕ್ಕೆ, ಹಲಸೂರನ್ನು ದಾಟಿ ಹಳೆಯ ಮದರಾಸು ರಸ್ತೆಯಲ್ಲಿ ಸಾಗಿದರೆ ಇಂದಿರಾನಗರದ ಆಚೆಗೆ ಬೈಯಪ್ಪನಹಳ್ಳಿ ಬರುತ್ತದೆ. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ನಗರದ ಈ ದಿಕ್ಕು ದೊಡ್ಡ ಉದ್ಯಮಗಳ ನೆಲೆಯಾಯಿತು. 1940ರಲ್ಲಿ ವಿಮಾನ ಕಾರ್ಖಾನೆಯೂ, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆಯೂ ಹುಟ್ಟಿದವು. 1956ರಲ್ಲಿ ಮೈಸೂರು ಸರ್ಕಾರವು ಜರ್ಮನಿಯ ಎಇಜಿ ಸಂಸ್ಥೆಯ ಸಹಯೋಗದಿಂದ ನ್ಯೂ ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿಯನ್ನು ಸ್ಥಾಪಿಸಿತು. ಜನರ ಬಾಯಲ್ಲಿ ಅದು ಎನ್‌ಜಿಇಎಫ್ ಆಯಿತು. ನೂರು ಎಕರೆಗೂ ಮಿಕ್ಕ ಆ ನೆಲದಲ್ಲಿ ವಿದ್ಯುತ್ ಪರಿವರ್ತಕಗಳು, ಮೋಟಾರುಗಳು, ಸ್ವಿಚ್‌ಗೇರುಗಳು ತಯಾರಾದವು. ಹಳ್ಳಿಯ ಪಂಪುಸೆಟ್ಟಿನಿಂದ ಹಿಡಿದು ವಿದ್ಯುತ್ ಕೇಂದ್ರದವರೆಗೆ ಬೇಕಾಗುವ ಸಾಮಗ್ರಿಗಳಿವು. ಹತ್ತಿರದ ಬಡಾವಣೆಯೊಂದು ಇಂದಿಗೂ ಆ ಕಾರ್ಖಾನೆಯ ಹೆಸರನ್ನೇ ಹೊತ್ತಿದೆ. ಕಾರ್ಖಾನೆ ಮಾತ್ರ ನಷ್ಟಕ್ಕೆ ಸಿಲುಕಿ 2002ರಲ್ಲಿ ಮುಚ್ಚಿತು.

ಮುಚ್ಚಿದ ಕಾರ್ಖಾನೆಯೊಂದು ಪಾಳುಬೀಳುವ ಬಗೆ ಗಮನಿಸತಕ್ಕುದು. ಮೊದಲು ಯಂತ್ರಗಳು ಮಾರಾಟವಾಗುತ್ತವೆ. ಅನಂತರ ತಂತಿ, ಕೊಳವೆ, ಬಾಗಿಲುಗಳು ಕಾಣೆಯಾಗುತ್ತವೆ. ಸೋರುವ ಮಾಡಿನಿಂದ ಇಳಿದ ಮಳೆನೀರು ಕಾಂಕ್ರೀಟಿನ ಒಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣವು ಉಬ್ಬುತ್ತದೆ. ಉಬ್ಬಿದಾಗ ಮೇಲಿನ ಕಾಂಕ್ರೀಟು ಸಿಡಿದು ಉದುರುತ್ತದೆ. ಹಣ್ಣು ತಿಂದ ಹಕ್ಕಿಗಳು ಗೋಡೆಯ ಬಿರುಕಿನಲ್ಲಿ ಬಿಟ್ಟ ಅರಳಿಯ ಬೀಜ ಮೊಳೆಯುತ್ತದೆ. ಕೆಲವೇ ವರ್ಷಗಳಲ್ಲಿ ಅದರ ಬೇರು ಸನ್ನೆಕೋಲಿನಂತೆ ಇಟ್ಟಿಗೆಗಳನ್ನು ಬೇರ್ಪಡಿಸುತ್ತದೆ. ಇದನ್ನು ನಿಸರ್ಗದ ವಿಜಯವೆಂದು ವರ್ಣಿಸುವವರುಂಟು. ಕೂಲಿ ಕಳೆದುಕೊಂಡವನಿಗೆ ಅದು ಹಾಗೆ ಕಾಣಲಾರದು.

ಇಂತಹ ಒಳಾಂಗಣದ ಚಿತ್ರ ತೆಗೆಯುವುದು ಸುಲಭದ ಕೆಲಸವಲ್ಲ. ಕಿಟಕಿಯ ಹೊರಗೆ ಬೆಂಗಳೂರಿನ ಪ್ರಖರವಾದ ಬಿಸಿಲು, ಒಳಗೆ ಗವಿಯಂತಹ ಕತ್ತಲೆ. ಮನುಷ್ಯನ ಕಣ್ಣು ಎರಡಕ್ಕೂ ಹೊಂದಿಕೊಳ್ಳಬಲ್ಲದು. ಕ್ಯಾಮೆರಾ ಅಷ್ಟು ಸಮರ್ಥವಲ್ಲ. ಒಳಗಿನ ವಿವರ ಕಾಣುವಂತೆ ಮಾಡಿದರೆ ಕಿಟಕಿಗಳು ಬರಿಯ ಬಿಳಿಯ ಮಚ್ಚೆಗಳಾಗುತ್ತವೆ. ಹೊರಗಿನ ಮರಗಳು ಕಾಣುವಂತೆ ಮಾಡಿದರೆ ಒಳಭಾಗ ಕಪ್ಪಾಗಿಬಿಡುತ್ತದೆ. ಆದುದರಿಂದ ಅನುಭವಿಗಳು ಮೋಡ ಕವಿದ ದಿನವನ್ನೋ ಬೆಳಗಿನ ಮೊದಲ ಹೊತ್ತನ್ನೋ ಕಾಯುತ್ತಾರೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕದಲದಂತೆ ನಿಲ್ಲಿಸುತ್ತಾರೆ. ಮಸೂರದ ರಂಧ್ರವನ್ನು ಕಿರಿದು ಮಾಡಿದರೆ ಹತ್ತಿರದ ಕಂಬವೂ ದೂರದ ಗೋಡೆಯೂ ಸಮನಾಗಿ ಸ್ಪಷ್ಟವಾಗುತ್ತವೆ. ಆದರೆ ಬೆಳಕು ಕಡಮೆಯಾಗುವುದರಿಂದ ಕ್ಯಾಮೆರಾದ ಕಣ್ಣನ್ನು ಹಲವು ಸೆಕೆಂಡುಗಳ ಕಾಲ ತೆರೆದಿರಿಸಬೇಕು. ಎತ್ತರದ ಕಟ್ಟಡವನ್ನು ಕೆಳಗಿನಿಂದ ತಲೆಯೆತ್ತಿ ನೋಡಿ ಚಿತ್ರ ತೆಗೆದರೆ ಅದು ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಕ್ಯಾಮೆರಾವನ್ನು ನೆಲಕ್ಕೆ ಸಮತಟ್ಟಾಗಿ ಹಿಡಿದು ದೂರದಲ್ಲಿಯೋ ಎತ್ತರದಲ್ಲಿಯೋ ನಿಂತರೆ ಕಂಬಗಳು ನೆಟ್ಟಗೆ ನಿಲ್ಲುತ್ತವೆ.

ಬೆಳಕಿನ ವಿಷಯದಲ್ಲಿ ಸ್ವಾರಸ್ಯದ ಸಂಗತಿಯೊಂದಿದೆ. ಹಳೆಯ ಗಿರಣಿಗಳಲ್ಲಿ ಗರಗಸದ ಹಲ್ಲಿನಂತಹ ಮಾಡುಗಳನ್ನು ಕಟ್ಟಿ, ಪ್ರತಿ ಹಲ್ಲಿನ ಒಂದು ಮುಖಕ್ಕೆ ಗಾಜನ್ನು ಕೂಡಿಸಿ, ಅದನ್ನು ಉತ್ತರಕ್ಕೆ ತಿರುಗಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಸೂರ್ಯನು ಮಧ್ಯಾಹ್ನ ಯಾವಾಗಲೂ ದಕ್ಷಿಣದಲ್ಲಿರುವುದರಿಂದ ಉತ್ತರದ ಗಾಜಿನೊಳಕ್ಕೆ ನೇರ ಬಿಸಿಲು ಬೀಳದೆ ತಂಪಾದ ಸಮಬೆಳಕು ಬರುತ್ತದೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದ ಸಮೀಪದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಗಾಜಿನಿಂದಲೂ ಬಿಸಿಲು ಒಳಕ್ಕೆ ಇಳಿಯಬಲ್ಲದು. ಚಿತ್ರ ತೆಗೆಯಲು ಹೋದವನು ಇದನ್ನು ಅರಿತಿದ್ದರೆ, ಕೆಲಸಗಾರನ ಬೆನ್ನಿಗೆ ಯಾವ ತಿಂಗಳಲ್ಲಿ ಬಿಸಿಲು ತಾಗುತ್ತಿತ್ತೆಂಬುದನ್ನೂ ಅರಿಯಬಲ್ಲನು.

ಇಂತಹ ಕಟ್ಟಡಗಳನ್ನು ಚಿತ್ರಿಸುವುದನ್ನು ಒಂದು ಶಿಸ್ತಾಗಿ ಬೆಳೆಸಿದವರು ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿಗಳು. 1959ರಿಂದ ಮೊದಲುಗೊಂಡು ಹಲವು ದಶಕಗಳ ಕಾಲ ಅವರು ನೀರಿನ ಗೋಪುರಗಳು, ಊದುಕುಲುಮೆಗಳು, ಗಣಿಬಾಯಿಯ ಉಕ್ಕಿನ ಗೋಪುರಗಳು ಇವನ್ನು ಒಂದೊಂದಾಗಿ ಚಿತ್ರಿಸಿದರು. ಅವರ ವಿಧಾನ ಬಹಳ ಸರಳ. ಮೋಡದ ದಿನ, ನೆರಳಿಲ್ಲದ ಬೆಳಕು, ವಸ್ತುವಿನ ನೇರ ಮುಂಭಾಗ, ಕಪ್ಪು ಬಿಳುಪಿನ ಚಿತ್ರ. ಒಂದೇ ಜಾತಿಯ ಒಂಬತ್ತೋ ಹನ್ನೆರಡೋ ಚಿತ್ರಗಳನ್ನು ಸಾಲಾಗಿ ಜೋಡಿಸಿದರೆ, ಸಸ್ಯಶಾಸ್ತ್ರಜ್ಞನು ಎಲೆಗಳನ್ನು ಒಣಗಿಸಿ ಹಾಳೆಯ ಮೇಲೆ ಅಂಟಿಸಿದಂತೆ, ಅವುಗಳ ಸಾಮ್ಯವೂ ಭೇದವೂ ಒಮ್ಮೆಗೇ ಗೋಚರಿಸುತ್ತವೆ. ಡಾರ್ಟ್‌ಮಂಡ್ ನಗರದ ಜೋಲರ್ನ್ ಕಲ್ಲಿದ್ದಲ ಗಣಿಯ ಯಂತ್ರಶಾಲೆಯನ್ನು ಕೆಡವಲು ಹೊರಟಾಗ ಅದನ್ನು ಉಳಿಸಬೇಕೆಂದು ದನಿಯೆತ್ತಿದವರಲ್ಲಿ ಅವರೂ ಇದ್ದರು. 1969ರಲ್ಲಿ ಆ ಕಟ್ಟಡಕ್ಕೆ ರಕ್ಷಣೆ ದೊರೆಯಿತು. ಈಗ ಅದು ವಸ್ತುಸಂಗ್ರಹಾಲಯ. ಎನ್‌ಜಿಇಎಫ್‌ಗೆ ನೆರವಾದ ಎಇಜಿ ಸಂಸ್ಥೆಯೂ 1996ರಲ್ಲಿ ಕೊನೆಗೊಂಡಿತು. ಆದರೆ ಬರ್ಲಿನ್ನಿನಲ್ಲಿ ಅದು 1909ರಲ್ಲಿ ಕಟ್ಟಿಸಿದ ಟರ್ಬೈನ್ ಶಾಲೆ ರಕ್ಷಿತ ಸ್ಮಾರಕವಾಗಿ ನಿಂತಿದೆ. ಅದರ ಶಿಲ್ಪಿ ಪೀಟರ್ ಬೆಹ್ರೆನ್ಸ್ ಎಂಬ ಹೆಸರು ವಾಸ್ತುಶಿಲ್ಪದ ಪುಸ್ತಕಗಳಲ್ಲೆಲ್ಲ ಕಾಣುತ್ತದೆ.

ಬೆಕರ್ ದಂಪತಿಗಳ ಚಿತ್ರಗಳಲ್ಲಿ ಮನುಷ್ಯರಿಲ್ಲ. ಅವರ ಉದ್ದೇಶಕ್ಕೆ ಅದು ಸರಿ. ಆದರೆ ಪಾಳು ತಾಣಗಳಿಗೆ ಹೋಗುವ ಅನೇಕರು ಬೇರೆ ಕಾರಣಕ್ಕಾಗಿ ಮನುಷ್ಯರನ್ನು ಬಿಟ್ಟುಬಿಡುತ್ತಾರೆ. ತುಕ್ಕಿನ ಕೆಂಪು, ಪಾಚಿಯ ಹಸಿರು, ಒಡೆದ ಮಾಡಿನಿಂದ ಓರೆಯಾಗಿ ಬೀಳುವ ಬಿಸಿಲುಕೋಲು ಇವು ಕಣ್ಣಿಗೆ ಹಬ್ಬವನ್ನುಂಟುಮಾಡುತ್ತವೆ. ಚಿತ್ರ ಸುಂದರವಾದಷ್ಟೂ ಅದು ಯಾವ ಊರು, ಏನು ತಯಾರಾಗುತ್ತಿತ್ತು, ಏಕೆ ನಿಂತಿತು ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ನಿರ್ಜನವೆಂದು ಕರೆದ ಸ್ಥಳ ನಿಜವಾಗಿಯೂ ನಿರ್ಜನವೇ ಎಂದು ಕೇಳುವವರೂ ವಿರಳ.

ದಂಡುಪ್ರದೇಶದ ರೈಲು ನಿಲ್ದಾಣದಿಂದ ಕೃಷ್ಣರಾಜಪುರ, ಬಂಗಾರಪೇಟೆಗಳ ಮಾರ್ಗವಾಗಿ ಕೋಲಾರದ ಚಿನ್ನದ ಗಣಿಗೆ ಹೋದರೆ ಈ ಮಾತು ಮನವರಿಕೆಯಾಗುತ್ತದೆ. 1880ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ಅಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು ಗಣಿಗಳಿಗೆ ವಿದ್ಯುತ್ತನ್ನು ಒದಗಿಸಲಾಯಿತು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷಗಳ ಅನಂತರ. ಚಾಂಪಿಯನ್ ರೀಫ್ ಗಣಿ ನೆಲದೊಳಕ್ಕೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು.

ಚಿತ್ರಗಳಲ್ಲಿ ಅಲ್ಲಿನ ಉಕ್ಕಿನ ಗೋಪುರಗಳೂ, ಹಳದಿ ಬೂದು ಬಣ್ಣದ ಸೈನೈಡ್ ಗುಡ್ಡಗಳೂ ಬೇರೊಂದು ಗ್ರಹದಂತೆ ತೋರುತ್ತವೆ. ಚಲನಚಿತ್ರದವರೂ ಅವುಗಳನ್ನು ಹುಡುಕಿಕೊಂಡು ಬಂದಿದ್ದಾರೆ. ಆ ಗುಡ್ಡಗಳು ಅದಿರನ್ನು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳು. ಮೂರು ಕೋಟಿ ಟನ್ನಿಗೂ ಹೆಚ್ಚಿನ ಪುಡಿ ಅಲ್ಲಿ ಬಿದ್ದಿದೆ. ಗಾಳಿಗಾಲದಲ್ಲಿ ಅದು ಧೂಳಾಗಿ ಮನೆಗಳೊಳಕ್ಕೆ ಹೋಗುತ್ತದೆ. ಏಕೆಂದರೆ ಅಲ್ಲಿ ಮನೆಗಳಿವೆ. ತಮಿಳು, ತೆಲುಗು, ಕನ್ನಡ ಮಾತನಾಡುವ ಗಣಿಕಾರ್ಮಿಕರ ಕುಟುಂಬಗಳು ಇಂದಿಗೂ ಆ ಸಾಲುಮನೆಗಳಲ್ಲಿ ವಾಸಿಸುತ್ತಿವೆ. ಮಾರಿಕುಪ್ಪಂ ನಿಲ್ದಾಣದಿಂದ ನಸುಕಿನಲ್ಲಿ ಹೊರಡುವ ರೈಲುಗಳಲ್ಲಿ ಸಾವಿರಾರು ಮಂದಿ ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ಹಿಂದಿರುಗುತ್ತಾರೆ. ಗೋಪುರದ ಚಿತ್ರದಷ್ಟೇ ಆ ರೈಲಿನ ಚಿತ್ರವೂ ಗಣಿಯ ಚಿತ್ರವೇ ಅಲ್ಲವೆ?

ಅಪಾಯದ ಮಾತನ್ನೂ ಇಲ್ಲಿಯೇ ಹೇಳಬೇಕು. ಗಣಿಬಾವಿಗಳ ಬಾಯಿ ಮುಳ್ಳುಪೊದೆಗಳ ನಡುವೆ ಮರೆಯಾಗಿರಬಹುದು. ಹಳೆಯ ಕಾರ್ಖಾನೆಗಳ ಕಲ್ನಾರು ಹಾಳೆ ಮುರಿದಾಗ ಹಾರುವ ಎಳೆಗಳು ಶ್ವಾಸಕೋಶದಲ್ಲಿ ನೆಲೆಸಿ, ದಶಕಗಳ ಬಳಿಕ ಕ್ಯಾನ್ಸರನ್ನು ತರಬಲ್ಲವು. ಹಳೆಯ ಪರಿವರ್ತಕಗಳ ಎಣ್ಣೆಯೂ ವಿಷವಾಗಿರುವುದುಂಟು. ಮುಚ್ಚಿದ ಕಾರ್ಖಾನೆಗೂ ಒಡೆಯನಿರುತ್ತಾನೆ; ಅನುಮತಿಯಿಲ್ಲದೆ ಬೇಲಿ ದಾಟುವುದು ಕಾನೂನಿಗೆ ವಿರುದ್ಧ. ಹೊರಗಿನ ರಸ್ತೆಯಿಂದ ತೆಗೆದ ಚಿತ್ರಕ್ಕೂ ಬೆಲೆಯುಂಟು.

ಬೆಲೆ ಬರುವುದು ಚಿತ್ರದ ಹಿಂಬದಿಯ ಬರಹದಿಂದ. ದಿನಾಂಕ, ಸ್ಥಳ, ಕ್ಯಾಮೆರಾ ಯಾವ ದಿಕ್ಕಿಗಿತ್ತು, ಚಿತ್ರದಲ್ಲಿರುವುದೇನು ಎಂಬ ನಾಲ್ಕು ಸಾಲುಗಳಿಲ್ಲದಿದ್ದರೆ ಯಾವ ಪಾಳಾದರೂ ಇನ್ನೊಂದರಂತೆಯೇ. ಅಳತೆ ತಿಳಿಯಲೆಂದು ಬಲ್ಲವರು ಮೀಟರು ಕೋಲೊಂದನ್ನು ಚಿತ್ರದೊಳಗೆ ನಿಲ್ಲಿಸುತ್ತಾರೆ. ನೆಲದಲ್ಲಿ ಬೋಲ್ಟುಗಳು ಮೇಲೆದ್ದಿರುವ ಕಾಂಕ್ರೀಟಿನ ಕಟ್ಟೆಯೊಂದು ನೋಡುವವನಿಗೆ ಏನನ್ನೂ ಹೇಳದು. ಅಲ್ಲಿ ದುಡಿದವನಾದರೋ ಅದು ಯಾವ ಯಂತ್ರದ ಪೀಠ, ಅದರ ಮುಂದೆ ಎಷ್ಟು ಮಂದಿ ನಿಲ್ಲುತ್ತಿದ್ದರು, ಸದ್ದು ಎಷ್ಟಿತ್ತು ಎಂಬುದನ್ನು ಒಂದೇ ನೋಟಕ್ಕೆ ಹೇಳಿಬಿಡುತ್ತಾನೆ.

ಬೈಯಪ್ಪನಹಳ್ಳಿಗೆ 2011ರಲ್ಲಿ ಮೆಟ್ರೊ ರೈಲು ಬಂದಿತು. 2023ರಲ್ಲಿ ಅದು ಕೃಷ್ಣರಾಜಪುರದತ್ತ ಮುಂದುವರಿಯಿತು. ಕಾರ್ಖಾನೆಯ ನೆಲದಲ್ಲಿ ಈ ನಡುವೆ ಬೆಳೆದುನಿಂತ ಮರಗಳನ್ನು ಉಳಿಸಿಕೊಂಡು ಉದ್ಯಾನ ಮಾಡುವ ಯೋಜನೆಯನ್ನು ರಾಜ್ಯ ಸರ್ಕಾರವು ಈಚಿನ ವರ್ಷಗಳಲ್ಲಿ ಪ್ರಕಟಿಸಿದೆ. ಅದು ಮುಗಿಯುವ ವೇಳೆಗೆ ಹಳೆಯ ಕಟ್ಟಡಗಳು ಈಗಿನಂತೆಯೇ ಇರಲಾರವು. 1956ರಲ್ಲಿ ಇಪ್ಪತ್ತರ ಹರೆಯದಲ್ಲಿ ಅಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ತೊಂಬತ್ತರ ಸಮೀಪ. ಮುಚ್ಚುವ ದಿನ ನಲವತ್ತಾಗಿದ್ದವರಿಗೂ ಅರವತ್ತು ದಾಟಿದೆ.