ಅವ್ವನ ಮಾತ್ರೆ ಚೀಲ ಮತ್ತು ಒಂದು ಹಾಳೆ



ಹೋದ ತಿಂಗಳು ಬೇಗಂ ಬಜಾರಿನ ಕನ್ನಡ ಕುಟುಂಬವೊಂದು 72 ವರ್ಷದ ಅವ್ವನನ್ನು ನನ್ನ ಹತ್ತಿರ ಕರೆತಂದಿತು. ಎರಡು ವಾರದಿಂದ ತಲೆಸುತ್ತು, ಸುಸ್ತು. ನಾಡಿ ನಿಮಿಷಕ್ಕೆ 44 ಇತ್ತು.

"ಅವ್ವಾ, ಗುಳಿಗಿ ಯಾವ್ಯಾವು ತಗೋತೀರಿ?"

"ಬಿಳಿವು ಎರಡು, ಗುಲಾಬಿದು ಒಂದು. ಹೆಸರು ನನಗೇನ್ ಗೊತ್ತರಿ ಡಾಕ್ಟ್ರ?"

ಚೀಲ ಸುರಿದು ನೋಡಿದೆವು. ಕಲಬುರಗಿಯಲ್ಲಿ ಬರೆದುಕೊಟ್ಟ ಮೆಟ್ ಎಕ್ಸ್‌ಎಲ್ ಇತ್ತು. ಇಲ್ಲಿಗೆ ಬಂದ ಮೇಲೆ ಬರೆಸಿಕೊಂಡ ಮೆಟೋಲಾರ್ ಕೂಡ ಇತ್ತು. ಎರಡರಲ್ಲೂ ಇರುವುದು ಮೆಟೊಪ್ರೊಲಾಲ್ ಎಂಬ ಒಂದೇ ಔಷಧಿ. ಎರಡನೇ ವೈದ್ಯರಿಗೆ ಹಳೆಯ ಚೀಟಿಯನ್ನು ಯಾರೂ ತೋರಿಸಿರಲಿಲ್ಲ. ಒಂದನ್ನು ನಿಲ್ಲಿಸಿದೆವು. ನಾಲ್ಕೈದು ದಿನದಲ್ಲಿ ನಾಡಿ 64ಕ್ಕೆ ಬಂತು.

ಅರ್ಧ ವರ್ಷ ಊರಲ್ಲಿ, ಅರ್ಧ ವರ್ಷ ಮಗನ ಮನೆಯಲ್ಲಿ ಇರುವ ಹಿರಿಯರಿಗೆ ಹೀಗಾಗುವುದು ಸುಲಭ. ಆದ್ದರಿಂದ ಈ ಭಾನುವಾರ ಅರ್ಧ ಗಂಟೆ ಕೂತು ಒಂದು ಹಾಳೆ ಸಿದ್ಧಮಾಡಿ.

1. ಅವರು ಓದುವ ಹಾಗೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ವೈದ್ಯರಿಗಾಗಿ ಪಕ್ಕದಲ್ಲಿ ಇಂಗ್ಲಿಷ್‌ನಲ್ಲೂ ಇರಲಿ.

2. ಕಂಪನಿ ಇಟ್ಟ ಹೆಸರಿನ ಜೊತೆಗೆ ಸ್ಟ್ರಿಪ್ ಮೇಲಿರುವ ಮೂಲ ಔಷಧಿಯ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎಂದು ಬರೆಯಿರಿ. ಟೆಲ್ಮಾ, ಟೆಲ್ಮಿಕೈಂಡ್ ಎರಡೂ ಟೆಲ್ಮಿಸಾರ್ಟನ್. ಇಕೋಸ್ಪ್ರಿನ್ ಎವಿಯಲ್ಲಿ ಆಸ್ಪಿರಿನ್ ಜೊತೆ ಅಟೊರ್ವಾಸ್ಟಾಟಿನ್ ಆಗಲೇ ಸೇರಿದೆ.

3. ಯಾವುದಕ್ಕೆ ಎಂದು ಬರೆಯಿರಿ: ಬಿಪಿಗೆ, ಶುಗರ್‌ಗೆ, ರಕ್ತ ಹೆಪ್ಪುಗಟ್ಟದಿರಲು.

4. ಚೀಟಿಯ 1-0-1 ಎಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಅದನ್ನು ಮಾತಿನಲ್ಲೇ ಬರೆಯಿರಿ. ಊಟಕ್ಕೆ ಮುಂಚೆಯೋ ನಂತರವೋ ಎಂಬುದೂ ಇರಲಿ.

5. ಇನ್ಸುಲಿನ್, ಕಣ್ಣಿನ ಡ್ರಾಪ್ಸ್, ಚೂರ್ಣ, ಕಷಾಯ ಬಿಡಬೇಡಿ. ಮೊಣಕಾಲು ನೋವಿಗೆ ಅಂಗಡಿಯಿಂದ ತರುವ ಮಾತ್ರೆಯನ್ನಂತೂ ಮರೆಯಲೇಬೇಡಿ. ಡೈಕ್ಲೋಫಿನಾಕ್, ಐಬುಪ್ರೊಫೆನ್‌ನಂಥವು ಬಿಪಿ ಏರಿಸಬಹುದು, ಕಿಡ್ನಿಗೂ ತೊಂದರೆ ಕೊಡಬಹುದು.

6. ವೈದ್ಯರು ನಿಲ್ಲಿಸಿದ ಮಾತ್ರೆಗೆ ಗೆರೆ ಎಳೆದು ತಾರೀಖು ಹಾಕಿ. ಉಳಿದ ಸ್ಟ್ರಿಪ್ ಡಬ್ಬಿಯಿಂದ ತೆಗೆಯಿರಿ.

7. ಯಾವ ಔಷಧಿ ಒಗ್ಗುವುದಿಲ್ಲ ಎಂಬುದನ್ನು ಮೇಲ್ಗಡೆ ಕೆಂಪು ಶಾಯಿಯಲ್ಲಿ ಬರೆಯಿರಿ.

ಹಾಳೆಯ ಫೋಟೋ ಇಲ್ಲಿರುವ ಮಗ-ಸೊಸೆಯ ಫೋನಿನಲ್ಲೂ, ಊರಲ್ಲಿರುವವರ ಫೋನಿನಲ್ಲೂ ಇರಲಿ. ಮೂಲ ಹಾಳೆ ಅವರ ಕೈಚೀಲದಲ್ಲಿರಲಿ. 108 ಆಂಬುಲೆನ್ಸ್ ಬಂದಾಗ ಮೊದಲು ತೋರಿಸಬೇಕಾದದ್ದು ಅದೇ.

ಒಂದು ಎಚ್ಚರಿಕೆ: ಒಂದೇ ಔಷಧಿ ಎರಡು ಕಡೆ ಕಂಡರೆ ನೀವೇ ಎಲ್ಲ ನಿಲ್ಲಿಸಬೇಡಿ. ಮೆಟೊಪ್ರೊಲಾಲ್ ಥಟ್ಟನೆ ಬಿಟ್ಟರೆ, ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಬಿಟ್ಟರೆ ಹೃದಯಾಘಾತವೇ ಆಗಬಹುದು. ಅದೇ ದಿನ ವೈದ್ಯರಿಗೆ ಫೋನ್ ಮಾಡಿ ಕೇಳಿ.

ಅಪ್ಪ-ಅಮ್ಮ ಊರಲ್ಲಿದ್ದರೆ ಇವತ್ತು ರಾತ್ರಿ ವಿಡಿಯೋ ಕಾಲ್ ಮಾಡಿ, ಒಂದೊಂದೇ ಸ್ಟ್ರಿಪ್ ತೋರಿಸಲು ಹೇಳಿ. ಈ ಸಂದೇಶವನ್ನು ನಿಮ್ಮ ಮನೆಯವರ ಗುಂಪಿಗೂ ಕಳುಹಿಸಿ.