ಮಳೆಗಾಲ ಬಿಟ್ಟ ಲೆಕ್ಕ

ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯ ಕಲ್ಲುಗುಡ್ಡಗಳು ಪಹಣಿಯಲ್ಲಿ ಬಹುಮಟ್ಟಿಗೆ ‘ಖರಾಬು’: ನೇಗಿಲು ಇಳಿಯದ್ದು, ಕಂದಾಯ ತಾರದ್ದು. ಬೆಂಗಳೂರಿನ ಕಟ್ಟಡಗಳಿಗೆ ಜಲ್ಲಿ, ಎಂ-ಸ್ಯಾಂಡ್ ಹೋಗುವುದು ಇಂಥ ಗುಡ್ಡಗಳನ್ನು ಸಿಡಿಸಿಯೇ. ಸಿಡಿಮದ್ದು ತುಂಬುವ ಮುನ್ನ ಅಲ್ಲಿ ಯಾವ ಜೀವಿಗಳಿವೆಯೆಂದು ನೋಡಬೇಕಲ್ಲ? ತೊಡಕಿರುವುದು ನೋಡುವ ಕ್ರಮದಲ್ಲೇ.

ಈ ಕ್ರಮ ಹೇಗಿದೆಯೆಂದು ತಿಳಿಯಲು ಮೊದಲು ಕಲ್ಲಿದ್ದಲಿನತ್ತ ನೋಡಬಹುದು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ಆದರೂ ಛತ್ತೀಸಗಢದ ಕಲ್ಲಿದ್ದಲಿಗೂ ಇಲ್ಲಿನ ಕಲ್ಲು ಕ್ವಾರಿಗೂ ಕಾನೂನು ಒಂದೇ, 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ. ಅಲ್ಲಿನ ಹಸ್‌ದೇವ್ ಅರಣ್ಯವನ್ನು ಅಧ್ಯಯನ ಮಾಡಿದ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಆಗಲೇ ನಡೆಯುತ್ತಿದ್ದ ಕಲ್ಲಿದ್ದಲು ಗಣಿಯನ್ನು ಬಿಟ್ಟು ಉಳಿದ ಕಾಡಿಗೆ ಕೈಹಾಕಬಾರದೆಂದು 2021ರಲ್ಲಿ ಹೇಳಿತು. ದೇಶದ ಕಾಡಾನೆಗಳಲ್ಲಿ ಆಗ ಶೇ 1ಕ್ಕಿಂತ ಕಡಿಮೆ ಇದ್ದ ಆ ರಾಜ್ಯದಲ್ಲಿ, ಆನೆ–ಮಾನವ ಸಂಘರ್ಷದಿಂದ ದೇಶದಲ್ಲಾಗುವ ಮನುಷ್ಯರ ಸಾವುಗಳಲ್ಲಿ ಶೇ 15ಕ್ಕೂ ಹೆಚ್ಚು ಸಂಭವಿಸುತ್ತಿದ್ದವು ಎಂಬುದೂ ಆ ವರದಿಯಲ್ಲಿತ್ತು. ಮಾತು ನಡೆಯಲಿಲ್ಲ, ಮರುವರ್ಷವೇ ರಾಜ್ಯ ಸರ್ಕಾರ ಹೊಸ ಕಲ್ಲಿದ್ದಲು ಬ್ಲಾಕಿಗೆ ಒಪ್ಪಿಗೆ ಕೊಟ್ಟಿತು. ಹಾಗಿದ್ದೂ ಅಲ್ಲಿ ಒಂದು ವರದಿಯಾದರೂ ಇದೆ.

ಇಲ್ಲಿ ಅದೂ ಅಪರೂಪ. ಸಣ್ಣ ಕ್ವಾರಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿತು, ನಿಜ. ಆದರೆ 5 ಹೆಕ್ಟೇರ್‌ವರೆಗಿನ ಒಂಟಿ ಕ್ವಾರಿಗೆ ಪೂರ್ಣ ಪರಿಣಾಮ ವರದಿಯೂ ಬೇಡ, ಸಾರ್ವಜನಿಕ ಅಹವಾಲು ಸಭೆಯೂ ಬೇಡ. 500 ಮೀಟರ್ ಒಳಗೆ ಇನ್ನೊಂದು ಗುತ್ತಿಗೆಯಿದ್ದರೆ ಮಾತ್ರ ‘ಕ್ಲಸ್ಟರ್’ ಎಂದು ಕೂಡಿಸಿ ನೋಡುತ್ತಾರೆ. ಗುತ್ತಿಗೆಗಳ ನಡುವೆ ಅದಕ್ಕಿಂತ ಹೆಚ್ಚು ಅಂತರವಿಟ್ಟರೆ ಸಾಕು, ಗುಡ್ಡಗಳು ತುಂಡು ತುಂಡಾಗಿ ಅರ್ಜಿಯೊಳಗೆ ಸೇರಿಕೊಳ್ಳುತ್ತವೆ.

ವರದಿ ಬೇಕಾದಲ್ಲಿ, ಗಣಿಯ ಸುತ್ತ 10 ಕಿ.ಮೀ.ವರೆಗೆ ಸಾಮಾನ್ಯವಾಗಿ ಒಂದು ಋತು ಮಾಹಿತಿ ಕಲೆಹಾಕುತ್ತಾರೆ, ಅದೂ ಮಳೆಗಾಲ ಬಿಟ್ಟು. ದೂಳು ಅಳೆಯಲು ಅದು ಅನುಕೂಲವಿರಬಹುದು. ಬಂಡೆಯ ಹಳ್ಳಗಳಲ್ಲಿ ನೀರು ನಿಂತು, ಕಪ್ಪೆ ಮೊಟ್ಟೆಯಿಟ್ಟು, ಗೊದಮೊಟ್ಟೆ ಬೆಳೆಯುವುದು ಮಳೆಯಲ್ಲೇ. ಬೇಸಗೆಯಲ್ಲಿ ಹೋದವರಿಗೆ ಸಿಗುವುದು ಕಾದ ಕಲ್ಲು. ಕಲ್ಲಿನ ಅಂಚಿನಲ್ಲಿ ಗೂಡುಮಾಡುವ ಕೊಂಬಿನ ಗೂಬೆಯಂತೂ ಹಗಲು ಓಡಾಡುವ ಸಮೀಕ್ಷಕರ ಕಣ್ಣಿಗೆ ಬೀಳುವುದು ಕಷ್ಟ. (ಕೈಬಿಟ್ಟ ಹಳೇ ಕ್ವಾರಿಯ ಗೋಡೆಯೂ ಅದಕ್ಕೆ ಆಗುತ್ತದೆ!)

ಎಲ್ಲಕ್ಕಿಂತ ಇಕ್ಕಟ್ಟು ಹಳದಿ ಕೊರಳಿನ ಪಿಕಳಾರದ್ದು. ದಕ್ಷಿಣ ಭಾರತದ ಕಲ್ಲುಬೆಟ್ಟಗಳ ಕುರುಚಲಲ್ಲಿ ಮಾತ್ರ ಬದುಕುವ ಈ ಹಕ್ಕಿ ಅಪಾಯದಂಚಿನಲ್ಲಿದೆಯೆಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಗುರುತಿಸಿದೆ. ಅದನ್ನು ನೋಡಲು ಪಕ್ಷಿವೀಕ್ಷಕರು ದೇವನಹಳ್ಳಿ ದಾಟಿ ನಂದಿಬೆಟ್ಟಕ್ಕೆ ಬರುತ್ತಾರೆ. ಕ್ವಾರಿಯ ಪರಿಸರ ನಿರ್ವಹಣಾ ಯೋಜನೆಗಳಲ್ಲಿ ಪರಿಹಾರವಾಗಿ ಸಾಮಾನ್ಯವಾಗಿ ಕಾಣುವುದು ಸುತ್ತಲೂ ಸಸಿ ನೆಡುವ ಹಸಿರು ಪಟ್ಟಿ. ಬೇವು, ಹೊಂಗೆಯ ಸಾಲು ದೂಳು ತಡೆದೀತು, ಬಂಡೆ ಸಂದಿಯ ಕುರುಚಲನ್ನು ಮರಳಿ ತಾರದು. ಅರ್ಜಿ ಬಂದ ಗುಡ್ಡವನ್ನು ಕಪ್ಪೆಗಾಗಿ ಜುಲೈನಲ್ಲೊಮ್ಮೆ, ಗೂಬೆಗಾಗಿ ಜನವರಿಯ ಮುಸ್ಸಂಜೆಯಲ್ಲೊಮ್ಮೆ ಹತ್ತಿ ನೋಡಲು ಹೆಚ್ಚು ಖರ್ಚೇನೂ ತಗಲುವುದಿಲ್ಲ.